ಗಿರಿಧಾಮದಿಂದ ರೆಸಾರ್ಟಿನ ಗೇಟಿನವರೆಗೆ

ಮುಂಬಯಿ ಕನ್ನಡಿಗರ ಮಾತಿನಲ್ಲಿ ‘ಹೋಟೆಲ್’ ಎಂದರೆ ತಿನ್ನುವ ಜಾಗ. ಗೋರೆಗಾಂವ್ ಸ್ಟೇಷನ್ನಿನ ಪೂರ್ವ, ಪಶ್ಚಿಮ ಎರಡೂ ಬದಿಗಳಲ್ಲಿರುವ ಉಡುಪಿ ಹೋಟೆಲುಗಳಲ್ಲಿ ಯಾರೂ ರಾತ್ರಿ ತಂಗುವುದಿಲ್ಲ. ತಂಗಬೇಕಾದವರು ಹುಡುಕುವುದು ಲಾಡ್ಜನ್ನು. ಎರಡೂ ಒಂದೇ ಸೂರಿನಡಿ ಸಿಗುವುದಾದರೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಫಲಕ. ಇಂಗ್ಲಿಷಿನಿಂದ ಪದವನ್ನು ಎರವಲು ಪಡೆದ ನಮ್ಮವರು ಅದರ ಅರ್ಥವನ್ನು ಅರ್ಧಕ್ಕೆ ಕತ್ತರಿಸಿಕೊಂಡದ್ದಕ್ಕೆ ಕಾರಣವಿದೆ. ಪರಸ್ಥಳದಲ್ಲಿ ತಂಗಲು ನಮ್ಮಲ್ಲಿ ಛತ್ರವಿತ್ತು, ಮಠವಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ನೆಂಟರ ಮನೆಯಿತ್ತು. ಅಮಲ್ದಾರರಿಗೂ ಇಂಜಿನಿಯರರಿಗೂ ಟಿ.ಬಿ., ಐ.ಬಿ. ಎಂದು ಕರೆಯುತ್ತಿದ್ದ ಸರ್ಕಾರಿ ಬಂಗಲೆಗಳಿದ್ದವು. ದುಡ್ಡು ಕೊಟ್ಟು ಪರರ ಸೂರಿನಡಿ ಮಲಗುವುದು, ಅದೂ ಯಾವ ಕೆಲಸವೂ ಇಲ್ಲದೆ ಬರಿಯ ಸಂತೋಷಕ್ಕಾಗಿ ಮಲಗುವುದು, ನಮ್ಮ ಅಜ್ಜಂದಿರಿಗೆ ಅರ್ಥವಾಗುವ ಸಂಗತಿಯಾಗಿರಲಿಲ್ಲ.

ಈ ಎರಡು ಪದಗಳ ಪಕ್ಕದಲ್ಲಿ ಮೂರನೆಯದಾಗಿ ‘ರೆಸಾರ್ಟ್’ ಬಂದು ಕುಳಿತಿತು. ಪತ್ರಿಕೆಗಳು ‘ವಿಹಾರಧಾಮ’ ಎಂಬ ಅನುವಾದವನ್ನು ಬಳಸಿ ನೋಡಿದವು, ಅದು ಅಂಟಲಿಲ್ಲ. ಕನ್ನಡದ ಓದುಗರಲ್ಲಿ ಹೆಚ್ಚಿನವರು ರೆಸಾರ್ಟನ್ನು ಕಣ್ಣಾರೆ ಕಾಣುವ ಮೊದಲೇ ಆ ಪದವನ್ನು ಕೇಳಿದ್ದು ‘ರೆಸಾರ್ಟ್ ರಾಜಕಾರಣ’ ಎಂಬ ಜೋಡಿಯಲ್ಲಿ. 1984ರಲ್ಲಿ ಎನ್.ಟಿ. ರಾಮರಾಯರ ಸರ್ಕಾರವನ್ನು ಉರುಳಿಸಿದಾಗ ಅವರ ಶಾಸಕರಿಗೆ ರಾಮಕೃಷ್ಣ ಹೆಗಡೆಯವರ ಕರ್ನಾಟಕ ಆಶ್ರಯ ಕೊಟ್ಟಿತು. 2002ರಲ್ಲಿ ವಿಲಾಸರಾವ್ ದೇಶಮುಖರ ಸರ್ಕಾರ ಅಲುಗಾಡಿದಾಗ ಮಹಾರಾಷ್ಟ್ರದ ಶಾಸಕರು, 2017ರಲ್ಲಿ ಗುಜರಾತಿನ ಶಾಸಕರು ಬಿಡದಿಯ ರೆಸಾರ್ಟಿಗೆ ಬಂದಿಳಿದರು. 2019ರ ಜುಲೈಯಲ್ಲಿ ಲೆಕ್ಕ ತಿರುಗಿತು; ಕರ್ನಾಟಕದ ಶಾಸಕರೇ ಮುಂಬಯಿಗೆ ಬಂದು ಪೊವಾಯಿ ಕೆರೆಯ ದಂಡೆಯ ದೊಡ್ಡ ಹೋಟೆಲೊಂದರಲ್ಲಿ ಉಳಿದರು. ಅವರನ್ನು ಕಾಣಲು ಬಂದ ಸಚಿವ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಗೇಟಿನ ಹೊರಗೆ ಗಂಟೆಗಟ್ಟಲೆ ನಿಂತದ್ದನ್ನು ಗೋರೆಗಾಂವಿನ ನಾವು ಟಿವಿಯಲ್ಲಿ ನೋಡಿದೆವು; ಆ ಜಾಗ ಇಲ್ಲಿಂದ ಲಿಂಕ್ ರಸ್ತೆ ಹಿಡಿದರೆ ಕೆಲವೇ ಮೈಲಿ.

ಯಾವ ಪಕ್ಷ ಸರಿ, ಯಾವುದು ತಪ್ಪು ಎಂಬುದು ಇಲ್ಲಿನ ವಿಷಯವಲ್ಲ. ನಮ್ಮ ಗಮನ ಆ ಗೇಟಿನ ಮೇಲೆ. ಹತ್ತಾರು ಜನರನ್ನು ದಿನಗಟ್ಟಲೆ ಹೊರಗೆ ಬಿಡದೆ ಇರಿಸಿಕೊಳ್ಳಬೇಕಾದರೆ ಊಟ, ಈಜುಕೊಳ, ತೋಟ, ಆಟ, ಕಾವಲು ಎಲ್ಲವೂ ಒಂದೇ ಆವರಣದಲ್ಲಿರಬೇಕು. ರಾಜಕಾರಣಿಗಳಿಗೆ ಅನುಕೂಲವಾದ ಈ ಗುಣವೇ ರೆಸಾರ್ಟಿನ ಮೂಲ ಗುಣ. ಮೊದಲು ಜನ ಒಂದು ಊರಿಗೆ ಹೋಗುತ್ತಿದ್ದರು, ಅಲ್ಲಿ ಎಲ್ಲೋ ತಂಗುತ್ತಿದ್ದರು. ಈಗ ತಂಗುವ ಜಾಗವೇ ಹೋಗುವ ಜಾಗವಾಗಿದೆ. ಈ ಬದಲಾವಣೆ ಆಗಲು ಸುಮಾರು ನೂರೈವತ್ತು ವರ್ಷ ಹಿಡಿಯಿತು, ಮತ್ತು ಅದರ ಬಹುಪಾಲು ಕಥೆ ಮುಂಬಯಿಯ ಸುತ್ತಮುತ್ತಲೇ ನಡೆಯಿತು.

ಆರಂಭ ಕಾಯಿಲೆಯಿಂದ. ಸರ್ ಜಾನ್ ಮಾಲ್ಕಂ 1828ರಲ್ಲಿ ಮಹಾಬಳೇಶ್ವರದಲ್ಲಿ ನೆಲೆ ಊರಿದ್ದು ಐರೋಪ್ಯ ಸೈನಿಕರ ಆರೋಗ್ಯಕ್ಕೆಂದು. ಸಾತಾರಾದ ರಾಜ ಪ್ರತಾಪಸಿಂಹನಿಗೆ ಬೇರೊಂದು ಹಳ್ಳಿಯನ್ನು ಕೊಟ್ಟು ಬೆಟ್ಟವನ್ನು ಪಡೆದ ಬ್ರಿಟಿಷರು ಅದಕ್ಕೆ ಮಾಲ್ಕಂಪೇಟ್ ಎಂದು ಹೆಸರಿಟ್ಟರು. ಕೃಷ್ಣೆ ಹುಟ್ಟುವ ಆ ಕ್ಷೇತ್ರಕ್ಕೆ ಅದಕ್ಕೂ ಎಷ್ಟೋ ಶತಮಾನಗಳಿಂದ ಜನ ಹೋಗುತ್ತಿದ್ದರು, ಆದರೆ ಅವರು ಯಾತ್ರಿಕರು. ಹಳೆಯ ಮಹಾಬಳೇಶ್ವರದ ದೇವಾಲಯಕ್ಕೂ ಹೊಸ ಪೇಟೆಯ ಬಂಗಲೆಗಳಿಗೂ ಇಂದಿಗೂ ಕೆಲವು ಮೈಲಿಗಳ ಅಂತರವಿದೆ. ಮರಾಠಿಯಲ್ಲಿ ಗಿರಿಧಾಮಕ್ಕೆ ಇರುವ ಮಾತು ‘ಥಂಡ ಹವೇಚೆ ಠಿಕಾಣ’, ಅಂದರೆ ತಂಪು ಹವೆಯ ಜಾಗ. ಅಲ್ಲಿಗೆ ಹೋಗುವುದಕ್ಕೆ ‘ಹವಾಪಾಲಟ್’ ಎನ್ನುತ್ತಾರೆ, ನಮ್ಮ ಹಿರಿಯರು ಹೇಳುತ್ತಿದ್ದ ‘ಹವಾ ಬದಲಾವಣೆ’ಯೇ ಅದು. ಗಾಂಧೀಜಿಯವರು 1927ರಲ್ಲಿ, ಮತ್ತೆ 1936ರಲ್ಲಿ ನಂದಿಬೆಟ್ಟದಲ್ಲಿ ಉಳಿದದ್ದೂ ಇದೇ ಕಾರಣಕ್ಕೆ. ಆರೋಗ್ಯ ಎಂಬ ನೆಪವಿಲ್ಲದೆ ಸುಮ್ಮನೆ ಕಾಲ ಕಳೆಯುವುದು ಸಭ್ಯರ ಲಕ್ಷಣವಲ್ಲ ಎಂಬ ಭಾವನೆ ಬ್ರಿಟಿಷರಿಗೂ ನಮಗೂ ಸಮಾನವಾಗಿತ್ತು.

ಈ ನೆಪವನ್ನು ಜೇನ್ ಆಸ್ಟಿನ್ ಚೆನ್ನಾಗಿ ಕಂಡುಕೊಂಡಿದ್ದಳು. 1817ರಲ್ಲಿ, ಸಾಯುವುದಕ್ಕೆ ಕೆಲವೇ ತಿಂಗಳ ಮೊದಲು ಅವಳು ಬರೆಯತೊಡಗಿ ಮುಗಿಸಲಾಗದ ‘ಸ್ಯಾಂಡಿಟನ್’ ಕಾದಂಬರಿಯಲ್ಲಿ ಒಬ್ಬ ಜಮೀನ್ದಾರ ತನ್ನ ಸಣ್ಣ ಕಡಲೂರನ್ನು ಆರೋಗ್ಯಧಾಮವೆಂದು ಪ್ರಚಾರ ಮಾಡಿ ಬಾಡಿಗೆ ಮನೆಗಳನ್ನು ತುಂಬಿಸಲು ಹೆಣಗುತ್ತಾನೆ. ಗಾಳಿಯೂ ಉಪ್ಪುನೀರೂ ಎಲ್ಲ ರೋಗಕ್ಕೂ ಮದ್ದು ಎಂಬ ಅವನ ಮಾತಿನ ಹಿಂದೆ ಭೂಮಿಯ ಬೆಲೆಯ ಲೆಕ್ಕವಿದೆ. ಎಂ.ಎ. ತರಗತಿಯಲ್ಲಿ ಇದನ್ನು ಹಾಸ್ಯವೆಂದು ಓದಿದ್ದೆವು. ಲೋಣಾವಳಾ ರಸ್ತೆಯ ‘ವೀಕೆಂಡ್ ಹೋಮ್’ ಜಾಹೀರಾತುಗಳನ್ನು ನೋಡುವಾಗ ಅದು ವರದಿಯಂತೆ ಕಾಣುತ್ತದೆ.

ಮಾಥೇರಾನ್ ಇದಕ್ಕಿಂತ ಮುಂದಿನ ಹೆಜ್ಜೆ. ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ 1850ರ ಬೇಸಿಗೆಯಲ್ಲಿ ಈ ಬೆಟ್ಟವನ್ನು ಹತ್ತಿದ ಎಂಬಲ್ಲಿಂದ ಪುಸ್ತಕಗಳು ಕಥೆಯನ್ನು ಶುರುಮಾಡುತ್ತವೆ. ಕಾಟಕರಿ, ಠಾಕರ್, ಧನಗರ ಜನ ಅಲ್ಲಿ ಮೊದಲೇ ಓಡಾಡಿಕೊಂಡಿದ್ದರು. ಭೋರ್ ಘಾಟಿನ ರೈಲುಮಾರ್ಗ 1863ರಲ್ಲಿ ತೆರೆಯಿತು. ಅದನ್ನು ಕಟ್ಟುವಾಗ ಸಾವಿರಾರು ಕೂಲಿಗಳು ಕಾಲರಾ ಮೊದಲಾದ ರೋಗಗಳಿಗೂ ಅಪಘಾತಗಳಿಗೂ ಸತ್ತರು. ಖಂಡಾಲಾ, ಲೋಣಾವಳಾಗಳು ಮುಂಬಯಿಯ ಶ್ರೀಮಂತರಿಗೆ ಹತ್ತಿರವಾದದ್ದು ಈ ಮಾರ್ಗದಿಂದ. ಮಾಥೇರಾನಿಗೆ ಮಾತ್ರ ನೇರಳ್ ಸ್ಟೇಷನ್ನಿನಲ್ಲಿಳಿದು ಕುದುರೆಯ ಮೇಲೋ ಪಲ್ಲಕ್ಕಿಯಲ್ಲೋ ಹತ್ತಬೇಕಿತ್ತು. ಬೊಹ್ರಾ ಸಮುದಾಯದ ವ್ಯಾಪಾರಿ ಸರ್ ಆದಮ್‌ಜಿ ಪೀರಭಾಯ್ ಹಣ ಹಾಕಿ, ಅವರ ಮಗ ಅಬ್ದುಲ್ ಹುಸೇನ್ ಮುಂದೆ ನಿಂತು, 16 ಲಕ್ಷ ರೂಪಾಯಿ ವೆಚ್ಚದಲ್ಲಿ ಕಟ್ಟಿಸಿದ ಎರಡಡಿ ಅಗಲದ ಪುಟ್ಟ ರೈಲುಮಾರ್ಗ 1907ರಲ್ಲಿ ಆರಂಭವಾಯಿತು. ಸುಮಾರು 20 ಕಿಲೋಮೀಟರಿನ ಆ ದಾರಿಯಲ್ಲಿ ರೈಲು ಎಷ್ಟು ನಿಧಾನವಾಗಿ ಸಾಗುತ್ತದೆಂದರೆ ಇಳಿದು ಜೊತೆಯಲ್ಲಿ ನಡೆಯಬಹುದು ಎಂದು ಮಕ್ಕಳು ಹೇಳುವುದುಂಟು. ಬ್ರಿಟಿಷ್ ಅಧಿಕಾರಿಗಳ ಬೆಟ್ಟವೊಂದನ್ನು ಭಾರತೀಯ ವ್ಯಾಪಾರಿಯ ಬಂಡವಾಳ ಮುಂಬಯಿಯ ಪಾರ್ಸಿ, ಗುಜರಾತಿ, ಬೊಹ್ರಾ ಕುಟುಂಬಗಳಿಗೆ ತೆರೆದುಕೊಟ್ಟಿತು.

ಮಾಥೇರಾನಿನಲ್ಲಿ ಹೋಟೆಲುಗಳು 19ನೆಯ ಶತಮಾನದಲ್ಲೇ ಇದ್ದವು. ಆದರೆ ಅವು ಬೆಟ್ಟದ ಊರಿನ ಒಂದು ಭಾಗವಷ್ಟೇ. ಅತಿಥಿ ಬೆಳಿಗ್ಗೆ ಎದ್ದು ಪಾಯಿಂಟುಗಳತ್ತ ನಡೆಯುತ್ತಿದ್ದ, ಸಂಜೆ ಪೇಟೆಬೀದಿಯಲ್ಲಿ ಅಡ್ಡಾಡಿ ಚಪ್ಪಲಿಯನ್ನೋ ಚಿಕ್ಕಿಯನ್ನೋ ಕೊಳ್ಳುತ್ತಿದ್ದ, ಶಾರ್ಲಟ್ ಕೆರೆಯ ದಂಡೆಯಲ್ಲಿ ಎಲ್ಲರೊಡನೆ ಕೂರುತ್ತಿದ್ದ. ಕಾರುಗಳಿಗೆ ಇಂದಿಗೂ ಬೆಟ್ಟದ ಮೇಲೆ ಪ್ರವೇಶವಿಲ್ಲವಾದ್ದರಿಂದ ಅಲ್ಲಿ ಈ ಹಳೆಯ ಕ್ರಮ ಇನ್ನೂ ಸ್ವಲ್ಪ ಉಳಿದಿದೆ: ಎಷ್ಟೇ ದುಬಾರಿ ಕೋಣೆ ಹಿಡಿದವರೂ ದಸ್ತೂರಿ ನಾಕಾದಲ್ಲಿ ಕಾರು ಬಿಟ್ಟು ಕೆಂಪು ಮಣ್ಣಿನಲ್ಲಿ ಕುದುರೆಗಳ ಪಕ್ಕದಲ್ಲಿಯೇ ಸಾಗಬೇಕು.

ಹೋಟೆಲಿನ ದರ ಕೊಡಲಾಗದವರ ವ್ಯವಸ್ಥೆ ಇನ್ನೂ ಕುತೂಹಲಕರ. ಮುಂಬಯಿಯಲ್ಲಿ ‘ಸ್ಯಾನಟೋರಿಯಂ’ ಎಂಬ ಪದಕ್ಕೆ ಕ್ಷಯರೋಗದ ಆಸ್ಪತ್ರೆ ಎಂಬುದಲ್ಲದೆ ಇನ್ನೊಂದು ಅರ್ಥವಿದೆ. ಖಂಡಾಲಾ, ಲೋಣಾವಳಾ, ನಾಸಿಕದ ಬಳಿಯ ದೇವಳಾಲಿಗಳಲ್ಲಿ ಪಾರ್ಸಿಗಳು, ಗುಜರಾತಿಗಳು, ಜೈನರು ದತ್ತಿಹಣದಿಂದ ಕಟ್ಟಿದ ವಸತಿಗಳಿಗೂ ಅದೇ ಹೆಸರು. ಸಮುದಾಯದ ಮಧ್ಯಮವರ್ಗದವರು ಅಲ್ಪ ಬಾಡಿಗೆ ಕೊಟ್ಟು, ಹಾಸಿಗೆ, ಸ್ಟವ್, ಪಾತ್ರೆಗಳನ್ನು ಹೊತ್ತುಕೊಂಡು ಹೋಗಿ ವಾರಗಟ್ಟಲೆ ಉಳಿಯುತ್ತಿದ್ದರು. ಛತ್ರಕ್ಕೂ ಹೋಟೆಲಿಗೂ ನಡುವಿನ ಈ ಸಂಸ್ಥೆಗೆ ನಮ್ಮ ಪ್ರವಾಸಸಾಹಿತ್ಯದಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸಾರ್ವಜನಿಕ ವಲಯದ ಬ್ಯಾಂಕುಗಳು ನೌಕರರಿಗಾಗಿ ನಡೆಸುವ ‘ಹಾಲಿಡೇ ಹೋಮ್’ಗಳು ಇದರದೇ ಮುಂದಿನ ಪೀಳಿಗೆ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್ ಎಂದು ಕರಾವಳಿಯ ಬ್ಯಾಂಕುಗಳಲ್ಲಿ ಸೇರಿ ಮುಂಬಯಿಗೆ ಬಂದ ಎಷ್ಟೋ ಕನ್ನಡಿಗ ಕುಟುಂಬಗಳು ಊರಲ್ಲದ ಊರಿನಲ್ಲಿ ಮೊದಲ ರಜೆ ಕಳೆದದ್ದು ಇಂಥ ಕೋಣೆಗಳಲ್ಲಿ.

ರೈಲಿದ್ದರೆ ಸಾಲದು, ಹೋಗಲು ರಜೆಯೂ ಬೇಕು. ಮುಂಬಯಿಯ ಗಿರಣಿಗಳಲ್ಲಿ ವಾರದ ರಜೆಯೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಸಂಘಟಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಸಂಬಳಸಹಿತ ವಾರ್ಷಿಕ ರಜೆ ಕಾರ್ಖಾನೆಯ ಕೆಲಸಗಾರರೆಲ್ಲರ ಹಕ್ಕಾಗಿ ಭದ್ರವಾಗಲು 1948ರ ಕಾರ್ಖಾನೆ ಕಾಯಿದೆಯವರೆಗೆ ಕಾಯಬೇಕಾಯಿತು: ಇಪ್ಪತ್ತು ದಿನ ದುಡಿದರೆ ಒಂದು ದಿನ. ಇಂಗ್ಲೆಂಡಿನಲ್ಲಿಯೂ ಸಂಬಳಸಹಿತ ರಜೆಯ ಕಾಯಿದೆ ಬಂದದ್ದು 1938ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಬಿಲ್ಲಿ ಬಟ್ಲಿನ್ ಎಂಬವನು ಸ್ಕೆಗ್ನೆಸ್ ಕಡಲತೀರದಲ್ಲಿ ಕಾರ್ಮಿಕ ಕುಟುಂಬಗಳಿಗಾಗಿ ಶಿಬಿರವೊಂದನ್ನು ತೆರೆದಿದ್ದ. ಸಾಲು ಗುಡಿಸಲುಗಳು, ಹೊತ್ತುಹೊತ್ತಿಗೆ ಊಟ, ಆಟ, ನೃತ್ಯ, ಎಲ್ಲವೂ ಬೇಲಿಯೊಳಗೆ, ಒಂದೇ ದರದಲ್ಲಿ. ಇಂಗ್ಲೆಂಡಿನ ಕಡಲೂರುಗಳ ಬಾಡಿಗೆ ಮನೆಗಳಲ್ಲಿ ಬೆಳಗಿನ ತಿಂಡಿಯಾದ ಮೇಲೆ ಅತಿಥಿಗಳನ್ನು ಹೊರಗೆ ಕಳಿಸುವ ಪದ್ಧತಿಯಿತ್ತು. ಮಳೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಅಲೆಯಬೇಕು. ಆ ಕಷ್ಟಕ್ಕೆ ಬಟ್ಲಿನ್ ಕಂಡುಕೊಂಡ ಉತ್ತರ ಬೇಲಿ. 1950ರಲ್ಲಿ ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ ಮಯೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ ಕ್ಲಬ್ ಮೆಡಿಟರೇನಿಯನ್ನು ಶುರುಮಾಡಿದಾಗ ಅದೇ ತತ್ತ್ವಕ್ಕೆ ಬಿಸಿಲು ಸೇರಿಕೊಂಡಿತು. ಮುಂದೆ ಅವರ ಹಳ್ಳಿಗಳಲ್ಲಿ ನಾಣ್ಯದ ಬದಲು ಬಣ್ಣದ ಮಣಿಗಳು ಚಲಾವಣೆಗೆ ಬಂದವು. ಸ್ವಿಮ್ಮಿಂಗ್ ಉಡುಪಿನಲ್ಲಿ ಜೇಬಿಲ್ಲವಲ್ಲ.

ನಮ್ಮ ದೇಶದಲ್ಲಿ ರಜೆಯ ಇತಿಹಾಸ ಬೇರೆ ದಾರಿ ಹಿಡಿಯಿತು. ರಜೆ ಸಿಕ್ಕ ಗಿರಣಿ ಕಾರ್ಮಿಕ ಬೆಟ್ಟಕ್ಕೂ ಹೋಗಲಿಲ್ಲ, ಕಡಲಿಗೂ ಹೋಗಲಿಲ್ಲ; ಕೊಂಕಣದ ತನ್ನ ಗಾಂವಿಗೆ ಹೋದ. ದಕ್ಷಿಣ ಕನ್ನಡದಿಂದ ಬಂದ ಹೋಟೆಲ್ ಕಾರ್ಮಿಕನೂ ಹಾಗೆಯೇ. ಒಂದು ಕಾಲಕ್ಕೆ ಕರಾವಳಿಯ ಹಡಗು, ಬಳಿಕ ಘಟ್ಟ ಸುತ್ತಿ ಹೋಗುವ ಬಸ್ಸು, 1998ರಿಂದ ಕೊಂಕಣ ರೈಲು. ಸಾಧನ ಬದಲಾದರೂ ಮೇ ತಿಂಗಳ ಪಯಣಕ್ಕೆ ಒಂದೇ ಹೆಸರು: ‘ಊರಿಗೆ ಹೋಗುವುದು’. ಯಾವ ಊರು ಎಂದು ಯಾರೂ ಕೇಳುತ್ತಿರಲಿಲ್ಲ.

ಕೇಂದ್ರ ಸರ್ಕಾರವೂ ಇದನ್ನು ಒಪ್ಪಿಕೊಂಡಿತು. 1956ರಲ್ಲಿ ನೌಕರರಿಗೆ ರಜಾ ಪ್ರವಾಸ ರಿಯಾಯಿತಿಯನ್ನು, ಎಲ್ಲರ ಬಾಯಲ್ಲಿ ಎಲ್.ಟಿ.ಸಿ. ಎಂದಾಗಿರುವುದನ್ನು, ಜಾರಿಗೊಳಿಸಿದಾಗ ಅದು ಸ್ವಂತ ಊರಿಗೆ ಹೋಗಿಬರಲು ಮಾತ್ರ ಇದ್ದ ಸೌಲಭ್ಯ. ನಾಲ್ಕು ವರ್ಷಕ್ಕೊಮ್ಮೆ ಭಾರತದ ಯಾವುದೇ ಸ್ಥಳಕ್ಕೆ ಹೋಗಬಹುದೆಂಬುದು ಬಳಿಕ ಸೇರಿತು. ಸ್ವಂತ ಊರು ಯಾವುದು ಎಂದು ನಿರ್ಧರಿಸಲು ನಿಯಮಗಳು ಕೊಡುವ ಮಾನದಂಡಗಳನ್ನು ಓದುವಾಗ ಕಡತದ ಭಾಷೆಯಲ್ಲಿಯೂ ಒಂದು ಬಗೆಯ ಕಾವ್ಯವಿದೆ ಅನಿಸುತ್ತದೆ. ಮನೆತನದ, ಸಮಾಜದ ಕರ್ತವ್ಯಗಳಿಗಾಗಿ ಆಗಾಗ ಖುದ್ದಾಗಿ ಹೋಗಬೇಕಾಗುವ ಜಾಗವೇ? ಅಲ್ಲಿ ವಾಸದ ಮನೆಯಿದೆಯೇ, ಅಥವಾ ಅವಿಭಕ್ತ ಕುಟುಂಬದ ಆಸ್ತಿಯಿದೆಯೇ? ಹತ್ತಿರದ ಬಂಧುಗಳು ಇದ್ದಾರೆಯೇ? ನೌಕರಿಗೆ ಸೇರುವ ಮುನ್ನ ಅಲ್ಲಿ ಬಾಳಿದ್ದುಂಟೇ?

ಎಲ್.ಟಿ.ಸಿ. ಪ್ರಯಾಣದ ದರವನ್ನಷ್ಟೇ ಕೊಡುತ್ತದೆ, ತಂಗುವ ಖರ್ಚನ್ನು ಕೊಡುವುದಿಲ್ಲ. ಊರಿಗೆ ಹೋದವನಿಗೆ ತಂಗುವ ಖರ್ಚು ಎಲ್ಲಿಂದ ಬರಬೇಕು ಎಂಬ ಸಹಜ ಊಹೆ ಅದರ ಹಿಂದಿದೆ. ಆದರೆ ‘ಯಾವುದೇ ಸ್ಥಳ’ ಎಂಬ ಬಾಗಿಲು ತೆರೆದ ಮೇಲೆ ಲಕ್ಷಾಂತರ ಗುಮಾಸ್ತರ, ಶಿಕ್ಷಕರ, ಇಂಜಿನಿಯರರ ಕುಟುಂಬಗಳು ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಹೊರಟವು, ಈಚಿನ ವರ್ಷಗಳ ವಿಶೇಷ ರಿಯಾಯಿತಿಗಳಿಂದ ಈಶಾನ್ಯಕ್ಕೂ ಅಂಡಮಾನಿಗೂ ವಿಮಾನದಲ್ಲಿ ಹೋದವು. ಅವರಿಗೆ ಕೋಣೆಗಳು ಬೇಕಾದವು. ನಮ್ಮ ದೇಶದ ಸಾಮಾನ್ಯ ಪ್ರವಾಸಿಯನ್ನು ಸೃಷ್ಟಿಸಿದ್ದರಲ್ಲಿ ಈ ಒಂದು ನಿಯಮದ ಪಾಲು ದೊಡ್ಡದು. ರೆಸಾರ್ಟ್ ಉದ್ಯಮದ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿಯಲ್ಲಿಯೂ ಹೇಳುವುದಿಲ್ಲ. 2020ರ ಅಕ್ಟೋಬರಿನಲ್ಲಿ, ಕೊರೊನಾ ಕಾಲದಲ್ಲಿ, ಪ್ರಯಾಣದ ಬದಲು ಸಾಮಾನು ಕೊಂಡು ಎಲ್.ಟಿ.ಸಿ. ಹಣ ಪಡೆಯುವ ಯೋಜನೆಯೊಂದು ಬಂದಿತ್ತು. ಆ ವರ್ಷ ನಮ್ಮ ಕಚೇರಿಯಲ್ಲಿ ಹಲವರ ಊರಿನ ಪ್ರಯಾಣ ಫ್ರಿಜ್ಜು, ವಾಷಿಂಗ್ ಮೆಷೀನುಗಳಾಗಿ ಮನೆಗೆ ಬಂತು.

ಬೇಲಿಯೊಳಗಿನ ವಿಹಾರ ಭಾರತಕ್ಕೆ ಕಾಲಿಟ್ಟದ್ದು ಸರ್ಕಾರದ ಮೂಲಕವೂ ತಾಜ್ ಸಮೂಹದ ಮೂಲಕವೂ. 1966ರಲ್ಲಿ ಹುಟ್ಟಿದ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಕೇರಳದ ಕೋವಳಂನಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿಂದ ಕಡಲತೀರದ ಹೋಟೆಲನ್ನು ಕಟ್ಟಿಸಿತು. 1903ರಿಂದ ಮುಂಬಯಿಯ ಅಪೋಲೋ ಬಂದರಿನಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತ ತಾಜ್ ಊರಿನ ಹೋಟೆಲು. ಅದೇ ಸಮೂಹ 1974ರಲ್ಲಿ ಗೋವಾದ ಅಗ್ವಾಡ ಕೋಟೆಯ ಬಳಿ ತೆರೆದದ್ದು ಊರಿನಿಂದ ದೂರ ನಿಂತ ಹೋಟೆಲು. 1983ರ ನವೆಂಬರಿನಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ನಾಯಕರು ದೆಹಲಿಯ ಸಮ್ಮೇಳನದ ನಡುವೆ ಅಲ್ಲಿಗೆ ಬಂದು ಉಳಿದರು. ಅಲ್ಲಿಯವರೆಗೆ ಹಿಪ್ಪಿಗಳ ಅಗ್ಗದ ಗುಡಿಸಲುಗಳಿಗೆ ಹೆಸರಾಗಿದ್ದ ಗೋವಾದ ಮರಳು ಭಾರತೀಯ ಮಧ್ಯಮವರ್ಗದ ಕಣ್ಣಿಗೆ ಬೇರೆಯೇ ಆಗಿ ಕಂಡಿತು. 1991ರ ಫೆಬ್ರವರಿಯಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತದ ಗೆರೆಯಿಂದ 500 ಮೀಟರಿನವರೆಗಿನ ನೆಲವನ್ನು ನಿಯಮಕ್ಕೆ ಒಳಪಡಿಸಿ, ಗ್ರಾಮೀಣ ತೀರಗಳಲ್ಲಿ ಮೊದಲ 200 ಮೀಟರನ್ನು ಕಟ್ಟಡಮುಕ್ತವಾಗಿಡಲು ಹೇಳಿತು. ಮೂರು ವರ್ಷದ ಬಳಿಕ ಅದನ್ನು ಸಡಿಲಿಸಲು ದಾರಿಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ ತಳ್ಳಿಹಾಕಿತು. ಕಡಲು ಕಾಣುವ ಕೋಣೆಗೆ ಇರುವ ಬೆಲೆಯನ್ನು ಬಲ್ಲವರಿಗೆ ಈ ಜಗ್ಗಾಟ ಅರ್ಥವಾಗುತ್ತದೆ.

ಕರ್ನಾಟಕದ ಮೊದಲ ದೊಡ್ಡ ಪ್ರಯೋಗ ಕಡಲಿನಲ್ಲಲ್ಲ, ಕಾಡಿನಲ್ಲಿ ನಡೆಯಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರ, ಕಾಕನಕೋಟೆಗಳು ಮೈಸೂರು ಅರಸರ ಬೇಟೆಯ, ಆನೆ ಹಿಡಿಯುವ ಖೆಡ್ಡಾದ ಕಾಡುಗಳು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತೆರೆ ಎಳೆಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಣಿವೆಯ ಹಳ್ಳಿಗಳೂ ಕಾಡೂ ಮುಳುಗಿದವು. ಹೀಗೆ ಮೂರೇ ವರ್ಷಗಳಲ್ಲಿ ಆ ನೆಲದ ಹಳೆಯ ಬಳಕೆಗಳೆಲ್ಲ ಮುಗಿದ ಮೇಲೆ, 1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯೊಂದಿಗೆ ಕೂಡಿ ಜಂಗಲ್ ಲಾಡ್ಜಸ್ ಕಂಪನಿಯನ್ನು ಸ್ಥಾಪಿಸಿತು. ಅರಸರ ಕಾಲದ ಬೇಟೆಯ ಬಂಗಲೆ ಕಬಿನಿ ರಿವರ್ ಲಾಡ್ಜ್ ಆಯಿತು. ಅದನ್ನು ಬಹುಕಾಲ ನೋಡಿಕೊಂಡವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಬಿಹಾರದ ಗಯಾದಲ್ಲಿ 1916ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಬೇಟೆ ಕಲಿತು, ಆಮೇಲೆ ಬಂದೂಕು ಬಿಟ್ಟ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಕಬಿನಿಯನ್ನೇ ಮನೆ ಮಾಡಿಕೊಂಡಿದ್ದರು. ಕೆಲವೇ ಕೋಣೆಗಳು, ಬೆಳಿಗ್ಗೆ ಸಂಜೆ ಜೀಪಿನ ಸವಾರಿ, ಎಲ್ಲರಿಗೂ ಒಂದೇ ಊಟ. ಸರ್ಕಾರವೇ ನಡೆಸಿದ ರೆಸಾರ್ಟು ಖಾಸಗಿಯವರಿಗೆ ಮಾದರಿಯಾದದ್ದು ನಮ್ಮ ದೇಶದಲ್ಲಿ ಅಪರೂಪ.

ಮಾದರಿ ಯಶಸ್ವಿಯಾದ ಮೇಲೆ ಕಾಡಿನ ಒಳಭಾಗದತ್ತಲೂ ಕಣ್ಣು ಹೋಯಿತು. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಮೂರ್ಕಲ್ ಎಂಬಲ್ಲಿನ ಅರಣ್ಯ ಇಲಾಖೆಯ ಕಟ್ಟಡಗಳನ್ನು ಸರ್ಕಾರ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಗುತ್ತಿಗೆಗೆ ಕೊಟ್ಟಿತು. ಜೇನುಕುರುಬರು, ಬೆಟ್ಟಕುರುಬರು ಕೇಳಿದ ಪ್ರಶ್ನೆ ಸರಳವಾಗಿತ್ತು: ಉದ್ಯಾನದಲ್ಲಿ ಮನುಷ್ಯರು ಇರಕೂಡದೆಂದು ನಮ್ಮನ್ನು ಹೊರಗೆ ಕಳಿಸುವುದಾದರೆ, ದುಡ್ಡು ಕೊಟ್ಟು ಬರುವವರು ಮನುಷ್ಯರಲ್ಲವೇ? ಚಳವಳಿ ನಡೆಯಿತು, ಮೊಕದ್ದಮೆಯೂ ಆಯಿತು. ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿಯನ್ನು ಹೀಗೆ ಕೊಡುವುದು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು 1997ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು; ಕಾಮಗಾರಿ ನಿಂತಿತು. ಆದರೆ ಆದಿವಾಸಿಗಳ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಹಾಡಿಗಳಿಂದ ಹೊರಬಂದವರಲ್ಲಿ ಹಲವರು ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಗಳಾದರು. ಕಬಿನಿಯ ದಂಡೆಯಲ್ಲಿ, ಉದ್ಯಾನದ ಗಡಿಯಿಂದ ಆಚೆಗೆ, ಖಾಸಗಿ ರೆಸಾರ್ಟುಗಳು ಒಂದರ ಪಕ್ಕ ಒಂದು ಎದ್ದವು. ಅವುಗಳಲ್ಲಿ ಕೆಲವು ಆದಿವಾಸಿ ಹಾಡಿಯ ಆಕಾರದ ಹುಲ್ಲಿನ ಮನೆಗಳನ್ನೇ ಅತಿಥಿಗಳಿಗೆ ಕಟ್ಟಿಕೊಟ್ಟವು, ಒಳಗೆ ಪುಟ್ಟ ಈಜುಕೊಳದ ಸಮೇತ.

ಮುಂಬಯಿಯ ಕಡೆಗೆ ಮತ್ತೆ ತಿರುಗಿದರೆ, ಗೋರೆಗಾಂವಿನವರಿಗೆ ರಜೆಯ ಮೊದಲ ಪಾಠ ಕಲಿಸಿದ್ದು ಎಮ್ಮೆಗಳ ಕಾಲೊನಿ. ನಗರದೊಳಗಿನ ದನದ ಕೊಟ್ಟಿಗೆಗಳನ್ನು ಹೊರಗೆ ಸಾಗಿಸಲು 1949ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಸ್ಥಾಪಿಸಿದ ಆರೆ ಹಾಲಿನ ಕಾಲೊನಿಯ ತೋಟಕ್ಕೆ ಜನ ಇಟ್ಟ ಹೆಸರು ‘ಛೋಟಾ ಕಾಶ್ಮೀರ’. ಬುತ್ತಿ ಕಟ್ಟಿಕೊಂಡು ಹೋಗಿ, ದೋಣಿ ಹತ್ತಿ, ಸಂಜೆಗೆ ಮರಳುವುದು. ಆರೆಯ ವಾರ್ಲಿ ಪಾಡಾಗಳಿಗೂ ತೋಟಕ್ಕೂ ನಡುವೆ ಆಗ ಗೋಡೆಯೇನೂ ಇರಲಿಲ್ಲ. 1989ರಲ್ಲಿ ಗೊರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ತೆರೆಯಿತು, ಟಿಕೆಟು ಬಂತು. ಮಾರ್ವೆಯಿಂದ ದೋಣಿಯಲ್ಲಿ ದಾಟಿದರೆ ಸಿಗುವ ಮನೋರಿ, ಅದರಾಚೆಯ ಗೊರಾಯಿ, ಉತ್ತನಗಳಲ್ಲಿ ಕೋಳಿ ಮೀನುಗಾರರೂ ಈಸ್ಟ್ ಇಂಡಿಯನ್ ಕ್ರೈಸ್ತರೂ ನಡೆಸುವ ಸಣ್ಣ ಕಾಟೇಜುಗಳಿವೆ. ಆ ಹಳ್ಳಿಗಳನ್ನೆಲ್ಲ ಸೇರಿಸಿ ಪ್ರವಾಸೋದ್ಯಮದ ವಿಶೇಷ ಆರ್ಥಿಕ ವಲಯ ಮಾಡುವ ಪ್ರಸ್ತಾವ ಈ ಶತಮಾನದ ಮೊದಲ ದಶಕದಲ್ಲಿ ಬಂದಾಗ ಹಳ್ಳಿಗರು ಒಟ್ಟಾಗಿ ಎದುರಿಸಿದರು. 2002ರಲ್ಲಿ ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ಣಗೊಂಡ ಮೇಲೆ ಲೋಣಾವಳಾ ವಾರಾಂತ್ಯದ ಊರಾಯಿತು. ಕಾರಿನಲ್ಲಿ ಹೊರಟ ಕುಟುಂಬಕ್ಕೆ ಸ್ಟೇಷನ್ನಿನ ಸುತ್ತಲಿನ ಪೇಟೆ ಬೇಕಿಲ್ಲ. ಹೆದ್ದಾರಿಯಿಂದ ಇಳಿದರೆ ನೇರ ಗೇಟು, ಗೇಟಿನೊಳಗೆ ಪಾರ್ಕಿಂಗ್, ಕೈಗೆ ಕಟ್ಟುವ ಬಣ್ಣದ ಪಟ್ಟಿ. ಬ್ಲಿಟ್ಸ್‌ನ ಕ್ಲಬ್ಬಿನ ಮಣಿಗಳ ಮೊಮ್ಮಗು ಈ ಪಟ್ಟಿ.

ನಡುವೆ ಇನ್ನೊಂದು ಉಪಾಯವೂ ಬಂದಿತ್ತು. 1986ರಲ್ಲಿ ಆರಂಭವಾದ ಸ್ಟರ್ಲಿಂಗ್, 1996ರಲ್ಲಿ ಬಂದ ಮಹೀಂದ್ರಾ ಹಾಲಿಡೇಸ್ ಮೊದಲಾದವು ವರ್ಷಕ್ಕೆ ಒಂದು ವಾರದ ವಾಸದ ಹಕ್ಕನ್ನು ಮುಂಚಿತವಾಗಿ ದಶಕಗಳ ಕಾಲಕ್ಕೆ ಮಾರಿದವು. ದೇವಸ್ಥಾನದ ಪೂಜೆಯ ಸರದಿ ದಾಯಾದಿಗಳಲ್ಲಿ ಹಂಚಿಕೆಯಾಗುವುದನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಊರಿನ ಮನೆ ಪಾಲಾದ ಪೀಳಿಗೆ ಮಡಿಕೇರಿಯಲ್ಲೋ ಮುನ್ನಾರಿನಲ್ಲೋ ಒಂದು ವಾರದ ಪಾಲನ್ನು ಕೊಂಡಿತು.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಆದದ್ದನ್ನು ಕಾಫಿಯ ಬೆಲೆಯಿಲ್ಲದೆ ವಿವರಿಸಲಾಗದು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 1996ರ ಹೊತ್ತಿಗೆ ಕಾಫಿ ಬೋರ್ಡಿನ ಪೂಲ್ ಪದ್ಧತಿ ಪೂರ್ತಿಯಾಗಿ ಕೊನೆಗೊಂಡು ಬೆಳೆಗಾರ ನೇರ ಮಾರುಕಟ್ಟೆಗೆ ಬಂದ. ಮೊದಲ ಕೆಲವು ವರ್ಷ ಒಳ್ಳೆಯ ಬೆಲೆ; ಶತಮಾನ ತಿರುಗುವಾಗ ಪಾತಾಳ. ಸಿದ್ದಾಪುರದ ಬಳಿ ರಾಮಪುರಂ ಕುಟುಂಬ ತಮ್ಮ ತೋಟದಲ್ಲಿ 1994ರಲ್ಲೇ ಆರೆಂಜ್ ಕೌಂಟಿಯನ್ನು ತೆರೆದಿತ್ತು. ಬೆಲೆ ಬಿದ್ದಾಗ ಸಣ್ಣ ಬೆಳೆಗಾರರಿಗೂ ಅದೇ ದಾರಿ ಕಂಡಿತು: ಇರುವ ಮನೆಯ ಎರಡು ಕೋಣೆ ತೆರವು ಮಾಡಿ ಹೋಮ್‌ಸ್ಟೇ. ಬೆಂಗಳೂರಿನ ಐಟಿ ಸಂಬಳವೂ ಅದೇ ವರ್ಷಗಳಲ್ಲಿ ಏರಿತು. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಗಳಲ್ಲಿ ತೋಟ ಉಳಿಸಿಕೊಳ್ಳಲು ಮನೆ ತೆರೆದವರನ್ನು ನಾವು ಆಕ್ಷೇಪಿಸಲಾರೆವು. ಮುಂಬಯಿಯಲ್ಲಿ ಇಡ್ಲಿ ಮಾರಿ ಊರಿನ ಸಾಲ ತೀರಿಸಿದವರ ಮಕ್ಕಳು ನಾವು, ಅತಿಥಿಗೆ ಬಿಲ್ಲು ಕೊಡುವುದು ನಮ್ಮ ಕುಲಕಸುಬೇ. ಆದರೆ ಗುಡ್ಡವನ್ನು ಜೆಸಿಬಿಯಿಂದ ಕಡಿದು ಮಟ್ಟಮಾಡಿ ಐವತ್ತು ಕೋಣೆ ಕಟ್ಟುವುದು ಬೇರೆ ಸಂಗತಿ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಅತಿಮಳೆಯ ಜೊತೆಗೆ ಈ ಕಡಿತದ ಮಾತೂ ಎದ್ದಿತು, ಮತ್ತು ಮಳೆ ನಿಂತೊಡನೆ ಮಾತೂ ನಿಂತಿತು.

ಹೊರನಾಡಿನಲ್ಲಿ ಬೆಳೆದ ಮಕ್ಕಳಿಗೆ ಇದರಲ್ಲಿ ಲಾಭವೂ ಆಗಿದೆ ಎಂಬುದನ್ನು ಒಪ್ಪಬೇಕು. ಮೇ ತಿಂಗಳಲ್ಲಿ ಅಜ್ಜಿಯ ಮನೆಗೆ ಹೋಗಿ ಸೊಳ್ಳೆಗೂ ಶೌಚಾಲಯಕ್ಕೂ ಹೆದರಿದವರು ಈಗ ಕಡುಬು, ಪತ್ರೊಡೆ, ನೀರುದೋಸೆಗಳನ್ನು ರೆಸಾರ್ಟಿನ ಬಫೆಯಲ್ಲಿ ಹೆಸರು ಓದಿ ಗುರುತಿಸುತ್ತಾರೆ. ಕೆಲವರಿಗೆ ಕನ್ನಡ ಕಿವಿಗೆ ಬೀಳುವುದೂ ಅಲ್ಲಿಯೇ, ಬಡಿಸುವ ಹುಡುಗನ ಬಾಯಲ್ಲಿ. ಅವನೂ ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದವನಾಗಿರದಿದ್ದರೆ.

ಎಲ್.ಟಿ.ಸಿ. ನಿಯಮಗಳಲ್ಲಿ ಇನ್ನೊಂದು ವಾಕ್ಯವಿದೆ. ಒಮ್ಮೆ ಘೋಷಿಸಿದ ಸ್ವಂತ ಊರನ್ನು ಇಡೀ ಸೇವಾವಧಿಯಲ್ಲಿ ಒಂದೇ ಬಾರಿ, ಅದೂ ಇಲಾಖಾ ಮುಖ್ಯಸ್ಥರಿಗೆ ಕಾರಣ ಮನವರಿಕೆಯಾದರೆ ಮಾತ್ರ ಬದಲಿಸಬಹುದು. ನಮ್ಮ ಬಳಗದಲ್ಲಿ ಆ ಒಂದು ಬಾರಿಯನ್ನು ಬಳಸಿದವರು ಯಾರೂ ಇದ್ದಂತಿಲ್ಲ. ಮನೆ ಪಾಲಾಗಿದೆ, ತೋಟ ಕೈಬದಲಾಗಿದೆ, ಹಿರಿಯರು ತೀರಿಕೊಂಡಿದ್ದಾರೆ; ಸೇವಾಪುಸ್ತಕದಲ್ಲಿ ಇಪ್ಪತ್ತು ವರ್ಷದ ಹಿಂದೆ ಬರೆದ ಊರಿನ ಹೆಸರು ಹಾಗೆಯೇ ಇದೆ. ಎರಡು ವರ್ಷಕ್ಕೊಮ್ಮೆ ಅರ್ಜಿ ತುಂಬಿ, ಮತ್ಸ್ಯಗಂಧದಲ್ಲಿ ಟಿಕೆಟು ಮಾಡಿಸಿ ಹೋಗುತ್ತೇವೆ. ಪ್ರಯಾಣದ ದರ ಸರ್ಕಾರ ಕೊಡುತ್ತದೆ. ಊರಿನಲ್ಲಿ, ಹಳೆಯ ಮನೆಯಿಂದ ಎರಡು ಫರ್ಲಾಂಗಿನಲ್ಲಿ, ಫೋನಿನಲ್ಲೇ ಕಾದಿರಿಸಿದ ಕೋಣೆಗೆ ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ; ಗುರುತಿನ ಚೀಟಿಯಲ್ಲಿ ವಿಳಾಸ ಗೋರೆಗಾಂವ್ ಎಂದಿರುವುದರಿಂದ ರಿಸೆಪ್ಷನ್ನಿನ ಹುಡುಗಿ ನಮ್ಮೊಡನೆ ಹಿಂದಿಯಲ್ಲಿ ಮಾತು ತೆಗೆಯುತ್ತಾಳೆ.